ಮಗ "ನನ್ನ ತಲೆನೇ ಇಷ್ಟು" ಅಂತಾನೆ, ಮಗಳು "ಫೇಲ್ ಆಗ್ತೀನಿ" ಅಂತಾಳೆ, ಯಜಮಾನ್ರು "ಎಲ್ಲಾ ಆಗುತ್ತೆ ಬಿಡು" ಅಂತಾರೆ. ಯಾರ ದಾರಿ ಸರಿ?

ಅಟ್ಟದ ಕಾಯಿ (ತಿಪಟೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮಗ ಎಸ್ಸೆಸ್ಸೆಲ್ಸಿ. ಪೂರ್ವಸಿದ್ಧತಾ ಪರೀಕ್ಷೇಲಿ ಗಣಿತಕ್ಕೆ 80ಕ್ಕೆ 21 ಬಂದಿದೆ. ಮನೇಲಿ ಹೇಳಿದ್ದು 31. ಉತ್ತರಪತ್ರಿಕೆಗೆ ಪೋಷಕರ ಸಹಿ ಯಾಕೆ ಬಂದಿಲ್ಲ ಅಂತ ಶಾಲೆಯಿಂದ ಫೋನ್ ಬಂತು, ಆಗ ಗೊತ್ತಾಯ್ತು. ಬೈದಿದ್ದಕ್ಕೆ ಅಳಲೂ ಇಲ್ಲ, ಎದುರು ಮಾತಾಡಲೂ ಇಲ್ಲ. "ನನ್ನ ತಲೆನೇ ಇಷ್ಟು ಅಮ್ಮ. ಓದಿದ್ರೂ ಅಷ್ಟೇ, ಬಿಟ್ರೂ ಅಷ್ಟೇ" ಅಂದ. ಅಂಕಕ್ಕಿಂತ ಆ ಮಾತಿಗೇ ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು. ಈಗ ವಿಜ್ಞಾನದಲ್ಲೂ ಭೌತಶಾಸ್ತ್ರದ ಲೆಕ್ಕ ಬಂದ್ರೆ ಮುಟ್ಟೋದೇ ಇಲ್ಲ, ಹಾಗೇ ಬಿಟ್ಟು ಬರ್ತಾನೆ.

ಇವನು ಹೀಗಿರಲಿಲ್ಲ ಅನ್ನೋದೇ ಆಶ್ಚರ್ಯ. ನಮ್ಮದು ಕೊಬ್ಬರಿ ವ್ಯಾಪಾರ. ಚಿಕ್ಕವನಿದ್ದಾಗ ಮಂಡಿಗೆ ಕರ್ಕೊಂಡು ಹೋದ್ರೆ, ಕ್ವಿಂಟಾಲಿಗೆ ಇಷ್ಟು ಅಂದ್ರೆ 37 ಕೆಜಿಗೆ ಎಷ್ಟು ಅಂತ ಯಾರೋ ಕೇಳೋರು, ಇವನು ಬಾಯಲ್ಲೇ ಹೇಳೋನು. ದಲ್ಲಾಳಿಗಳೆಲ್ಲ "ಕಂಪ್ಯೂಟರ್" ಅಂತ ಹೆಸರಿಟ್ಟಿದ್ರು. ನಮ್ಮತ್ತೆ ಬಂದೋರಿಗೆಲ್ಲ "ನಮ್ಮ ಮೊಮ್ಮಗನ ತಲೆ ಬಲೇ ಚುರುಕು" ಅಂತ ಹೇಳ್ಕೊಂಡು ತಿರುಗೋರು. ಎಂಟನೇ ಕ್ಲಾಸಿಗೆ ಬೀಜಗಣಿತ ಶುರುವಾಗಿದ್ದೇ ತಡ, ಎಲ್ಲಾ ನಿಂತುಹೋಯ್ತು. ಅದೇ ಅತ್ತೆ ಈಗ "ನಮ್ಮ ವಂಶದಲ್ಲೇ ಯಾರಿಗೂ ಓದು ಹತ್ತಿಲ್ಲ, ಹಣೇಲಿ ಬರೆದಿರಬೇಕು" ಅಂತಾರೆ.

ದೊಡ್ಡವಳು ಮಗಳು, ಬಿ.ಎಸ್ಸಿ. ಅವಳ ಕತೆ ಉಲ್ಟಾ. ಪ್ರತಿ ಪರೀಕ್ಷೆಗೂ ಮುಂಚೆ "ಈ ಸಲ ಹೋಯ್ತು, ಗ್ಯಾರಂಟಿ ಫೇಲ್" ಅಂತ ಗೋಳಾಡ್ತಾಳೆ. ನಮ್ಮತ್ತೆ ಪ್ರತಿಸಲ "ಬಿಡ್ತು ಅನ್ನೇ, ಅಸ್ತು ದೇವತೆಗಳು ಓಡಾಡೋ ಹೊತ್ತು" ಅಂತ ಗದರಿಸ್ತಾರೆ. ರಿಸಲ್ಟ್ ಬಂದ್ರೆ ಡಿಸ್ಟಿಂಕ್ಷನ್.

ಇನ್ನು ಯಜಮಾನ್ರು. ಅವರಿಗೆ ಚಿಂತೆ ಅನ್ನೋದೇ ಗೊತ್ತಿಲ್ಲ. ಮಗನ ಅಂಕ ಹೇಳಿದ್ರೆ "ಆಗುತ್ತೆ ಬಿಡು, ಫೈನಲ್‌ನಲ್ಲಿ ತೆಗೀತಾನೆ" ಅಂದ್ರು. ಕೊಬ್ಬರಿ ವಿಷಯದಲ್ಲೂ ಹೀಗೇ, ರೇಟು ಏರುತ್ತೆ ಅಂತ ಅಟ್ಟದ ಮೇಲೆ ಮಾಲು ಇಟ್ಕೊಂಡು ಕೂತಿರ್ತಾರೆ. ಇಳಿದ್ರೆ "ಈ ಸಲ ಮಾರ್ಕೆಟ್ಟೇ ಸರಿ ಇರಲಿಲ್ಲ". ಎಷ್ಟು ಸಲ ಈ ಮಾತು ಕೇಳಿದೀನೋ ಲೆಕ್ಕ ಇಟ್ಟಿಲ್ಲ.

ಈಗ ನನ್ನ ಪ್ರಶ್ನೆ. ಒಳ್ಳೇದನ್ನೇ ಯೋಚನೆ ಮಾಡು, ಒಳ್ಳೇದಾಗುತ್ತೆ ಅಂತಾರೆ. ಹಾಗಿದ್ರೆ ಯಾವಾಗಲೂ ಕೆಟ್ಟದ್ದೇ ಹೇಳೋ ಮಗಳು ಯಾಕೆ ಮುಂದೆ? ಮಗನೂ ಕೆಟ್ಟದ್ದೇ ಹೇಳ್ತಾನೆ, ಅವನು ಯಾಕೆ ಹಿಂದೆ? ಇದು ಹುಟ್ಟುಗುಣಾನಾ, ನಾವು ಕಲಿಸಿದ್ದಾ? ಪರೀಕ್ಷೆಗೆ ಹೆಚ್ಚು ದಿನ ಇಲ್ಲ. ಅವನಿಗೆ ನಾನು ಏನು ಹೇಳಲಿ?

ಗೆಲುವು ನಿಮ್ಮದೇ

ಮೇಡಂ, ಮೊದಲು ಮನೆಯಲ್ಲಿ ನೆಗೆಟಿವ್ ಮಾತು ನಿಲ್ಲಿಸಿ. ಮಗ ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು "ನನಗೆ 100ಕ್ಕೆ 100 ಬಂದಿದೆ" ಅಂತ ಜೋರಾಗಿ ಹೇಳಲಿ. ರಿಸಲ್ಟ್ ದಿನ ಹೆಸರು ಪೇಪರಲ್ಲಿ ಬಂದ ಹಾಗೆ ಕಣ್ಮುಚ್ಚಿ ನೋಡಲಿ. ನಮ್ಮ ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾನ ವಿಕೆಟ್ ತೆಗೀಲಿಲ್ವಾ? ಆ ವಿಡಿಯೋ ತೋರಿಸಿ. ಮನಸ್ಸಿದ್ದರೆ ಮಾರ್ಗ!

ಚಾಕ್‌ಪೀಸ್ ಮೇಷ್ಟ್ರು (ಸಾಗರ)

ತಾಯಿ, ಕುಂಬ್ಳೆ ವಿಡಿಯೋ ನನಗೂ ಇಷ್ಟವೇ. ಆದರೆ ಕುಂಬ್ಳೆಗೆ ದವಡೆ ಮುರಿದಿತ್ತೇ ಹೊರತು ಲೆಗ್‌ಸ್ಪಿನ್ ಮರೆತುಹೋಗಿರಲಿಲ್ಲ. ನಿಮ್ಮ ಹುಡುಗನ ತೊಂದರೆ ಬೇರೆ.

ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಆಶಾವಾದಿ, ನಿರಾಶಾವಾದಿ ಅಂತ ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದರಲ್ಲಿ ನನಗೆ ನಂಬಿಕೆ ಕಡಿಮೆ. ಪರೀಕ್ಷೆಗೆ ಮುಂಚೆ ಮಗು ಏನು ಹೇಳುತ್ತೆ ಅನ್ನೋದಕ್ಕೆ ನಾನು ಕಿವಿ ಕೊಟ್ಟವನೇ ಅಲ್ಲ. ಪತ್ರಿಕೆ ಕೈಗೆ ಬಂದ ಮೇಲೆ, ಯಾಕೆ ತಪ್ಪಾಯ್ತು ಅಂತ ಕೇಳಿದಾಗ ಏನು ಕಾರಣ ಕೊಡುತ್ತೆ? ಮುಂದಿನ ವರ್ಷ ಆ ಮಗು ಎಲ್ಲಿರುತ್ತೆ ಅನ್ನೋದು ಬಹುಪಾಲು ಆ ಕಾರಣದಲ್ಲೇ ಕಾಣ್ತಿತ್ತು.

ನಿಮ್ಮ ಮಗನ ಮಾತನ್ನೇ ತಗೊಳ್ಳಿ. "ನನ್ನ ತಲೆನೇ ಇಷ್ಟು." ತಪ್ಪು ಇವತ್ತಿನದಲ್ಲ, ಯಾವತ್ತಿಗೂ ಇರುವಂಥದ್ದು. ಒಂದು ಪಾಠದ್ದಲ್ಲ, ಇಡೀ ತಲೆಯದ್ದು, ಅದಕ್ಕೇ ಅದು ಭೌತಶಾಸ್ತ್ರಕ್ಕೂ ಹರಡಿದೆ. ಕೊನೆಗೆ, ಬದಲಿಸೋಕೆ ಬರದ ಜಾಗದಲ್ಲಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು ಸೋಲಿಗೆ ಜನ ಕೊಡುವ ವಿವರಣೆಯನ್ನ ಹೆಚ್ಚುಕಮ್ಮಿ ಹೀಗೇ ಅಳೆದವರು: ಎಷ್ಟು ಕಾಲದ್ದು, ಎಲ್ಲೆಲ್ಲಿಯದು, ಯಾರಿಂದ ಆದದ್ದು.

ಅವರು ಅಲ್ಲಿಗೆ ಬಂದ ದಾರಿ ಮಾತ್ರ ಕ್ರೂರವಾದದ್ದು. 1967ರಲ್ಲಿ ಸ್ಟೀವನ್ ಮೈಯರ್ ಜೊತೆ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಒಂದು ಗುಂಪಿನ ನಾಯಿಗಳು ತಲೆಯಿಂದ ಫಲಕ ಒತ್ತಿದರೆ ಕರೆಂಟಿನ ಹೊಡೆತ ನಿಲ್ತಿತ್ತು. ಇನ್ನೊಂದು ಗುಂಪಿಗೂ ಅಷ್ಟೇ ಹೊಡೆತ, ಆದರೆ ಅವು ಏನು ಮಾಡಿದರೂ ನಿಲ್ತಿರಲಿಲ್ಲ. ಆಮೇಲೆ ಎರಡನ್ನೂ ಗಿಡ್ಡ ಅಡ್ಡಗೋಡೆಯ ಪೆಟ್ಟಿಗೆಗೆ ಬಿಟ್ಟರು, ಹಾರಿದರೆ ಸಾಕು, ಪಾರು. ಮೊದಲ ಗುಂಪಿನವು ಹಾರಿದವು. ಎರಡನೇ ಗುಂಪಿನವು ಹೆಚ್ಚಿನವು ಹಾರಲೇ ಇಲ್ಲ, ಹೊಡೆತ ತಿನ್ನುತ್ತಾ ಬಿದ್ದಿದ್ದವು. "ಓದಿದ್ರೂ ಅಷ್ಟೇ, ಬಿಟ್ರೂ ಅಷ್ಟೇ" ಅಂತ ಓದಿದಾಗ ನನಗೆ ನೆನಪಾದದ್ದು ಇದು.

ಸುಮಾರು 50 ವರ್ಷ ಆದ ಮೇಲೆ, 2016ರಲ್ಲಿ, ಇದೇ ಇಬ್ಬರೂ ತಮ್ಮ ಹಳೇ ತೀರ್ಮಾನವನ್ನ ತಾವೇ ತಿದ್ದಿದರು. ಕೈಚೆಲ್ಲುವುದನ್ನು ಪ್ರಾಣಿ ಕಲಿಯುತ್ತದೆ ಅಂದುಕೊಂಡಿದ್ದೆವು, ಹಾಗಲ್ಲ, ಕಷ್ಟ ಬಿಡದೆ ಬಂದಾಗ ಸುಮ್ಮನೆ ಬಿದ್ದುಕೊಳ್ಳುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದ್ದು "ಇದು ನನ್ನ ಹಿಡಿತದಲ್ಲಿದೆ" ಅನ್ನೋದನ್ನ, ಅಂದರು. ಹುಟ್ಟುಗುಣವೋ ಕಲಿಸಿದ್ದೋ ಅಂತ ಕೇಳಿದ್ರಲ್ಲ, ಸ್ವಭಾವದಲ್ಲಿ ಒಂದು ಪಾಲು ಹುಟ್ಟಿನಿಂದ ಬಂದದ್ದೇ. ಈ ಹಿಡಿತ ಮಾತ್ರ ಕಲಿಯುವಂಥದ್ದು. ಕಲಿಸೋಕೆ ಕನ್ನಡಿ ಸಾಲದು.

ಹಾಗಂತ ಸುಲಭದ ಲೆಕ್ಕ ಕೊಟ್ಟು ಗೆಲ್ಲಿಸುತ್ತಾ ಹೋದರೆ ಸರಿಹೋಗುತ್ತಾ? ಟ್ಯೂಷನ್‌ನವರು ಮಾಡೋದು ಇದನ್ನೇ. ಕ್ಯಾರಲ್ ಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞೆ 1975ರಲ್ಲಿ ಇದನ್ನ ನೇರವಾಗಿ ನೋಡಿದರು, ಅದೂ ಗಣಿತದ ಲೆಕ್ಕಗಳಲ್ಲೇ. ಸೋತ ಕೂಡಲೇ ಕೈಚೆಲ್ಲುವ 12 ಮಕ್ಕಳು. ಅರ್ಧ ಮಕ್ಕಳಿಗೆ ಬರೀ ಗೆಲ್ಲುವಂಥ ಲೆಕ್ಕ. ಉಳಿದರ್ಧಕ್ಕೆ ನಡುನಡುವೆ ಸೋಲೂ ಬರುವಂತೆ ಮಾಡಿ, ಸೋತಾಗ "ಇನ್ನಷ್ಟು ಪ್ರಯತ್ನ ಬೇಕಿತ್ತು" ಅಂತ ಕಾರಣ ಹೇಳಿಕೊಟ್ಟರು. ಆಮೇಲೆ ಕಷ್ಟದ ಲೆಕ್ಕ ಬಂದಾಗ ಬರೀ ಗೆದ್ದ ಮಕ್ಕಳು ಮೊದಲಿನ ಹಾಗೇ ಕುಸಿದರು, ಸೋಲಿಗೆ ಕಾರಣ ಹುಡುಕಲು ಕಲಿತವರು ನಿಂತರು. 12 ಅನ್ನೋದು ಸಣ್ಣ ಸಂಖ್ಯೆ ಹೌದು. ಆದರೆ ನಾನು ತರಗತಿಯಲ್ಲಿ ಕಂಡದ್ದಕ್ಕೆ ಇದು ಹೊಂದುತ್ತೆ.

"ಪ್ರಯತ್ನ ಸಾಲದು" ಅನ್ನೋ ಮಾತಿಗೆ ನನ್ನ ತಕರಾರು ಒಂದಿದೆ. ಹುಡುಗ ನಿಜವಾಗಿಯೂ ರಾತ್ರಿಯೆಲ್ಲ ಕೂತು, ತಪ್ಪು ರೀತಿಯಲ್ಲೇ ಮಾಡಿ ಸೋತಿದ್ದರೆ? ಅವನಿಗೆ "ಇನ್ನೂ ಪ್ರಯತ್ನಪಡು" ಅಂದರೆ, ಇಷ್ಟು ಮಾಡಿದರೂ ಆಗಲಿಲ್ಲ ಅಂದಮೇಲೆ ನಾನು ದಡ್ಡನೇ ಅನ್ನೋ ತೀರ್ಮಾನಕ್ಕೇ ಬರ್ತಾನೆ. ಆದ್ದರಿಂದ "ಎಷ್ಟು ಓದಿದೆ" ಅಂತ ಕೇಳೋದಕ್ಕಿಂತ "ಎಲ್ಲಿ ಜಾರಿತು" ಅಂತ ಕೇಳಿ.

ಇನ್ನು 21ನ್ನು 31 ಅಂದದ್ದು. ದಯವಿಟ್ಟು ಇದನ್ನ ಕಳ್ಳತನದ ಲೆಕ್ಕಕ್ಕೆ ಸೇರಿಸಬೇಡಿ. ಇದೇ ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಿವೆ, ಐದನೇ ತರಗತಿ ಮಕ್ಕಳ ಮೇಲೆ. ಒಗಟು ಬಿಡಿಸಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟೆ" ಅಂದರು. ಮುಂದೆ ಕಷ್ಟದ ಒಗಟು ಕೊಟ್ಟು ಸೋಲಿಸಿದಾಗ ಬುದ್ಧಿವಂತ ಅನ್ನಿಸಿಕೊಂಡವರೇ ಹೆಚ್ಚು ಕುಗ್ಗಿದರು, ಬೇಗ ಆಸಕ್ತಿ ಕಳ್ಕೊಂಡರು. ಮುಖ ಕಾಣದ ಬೇರೆ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸು ಅಂದಾಗ, ಏರಿಸಿ ಬರೆದವರೂ ಆ ಗುಂಪಿನಲ್ಲೇ ಹೆಚ್ಚು. ಮಂಡಿಯವರು "ಕಂಪ್ಯೂಟರ್" ಅಂದಾಗ ಹುಡುಗನಿಗೆ ಒಂದು ಕಿರೀಟ ಸಿಕ್ಕಿತು. ಬೀಜಗಣಿತದಲ್ಲಿ ತಡವರಿಸಿದರೆ ಕಿರೀಟ ಬೀಳುತ್ತೆ. ಬೀಳದ ಹಾಗೆ ನೋಡಿಕೊಳ್ಳೋಕೆ ಇರುವ ದಾರಿ ಎರಡೇ, ಪ್ರಯತ್ನಿಸದೇ ಇರೋದು, ಇಲ್ಲಾ ಅಂಕ ಮುಚ್ಚಿಡೋದು. ಗುಣ ಕೆಡೋದು ಹೀಗೆ, ಸ್ವಲ್ಪಸ್ವಲ್ಪವೇ, ಮರ್ಯಾದೆ ಉಳಿಸಿಕೊಳ್ಳೋ ಹೆಸರಲ್ಲಿ.

ಯಜಮಾನರ ಬಗ್ಗೆಯೂ ಹೇಳ್ತೀನಿ, ಸಿಟ್ಟಾಗಬಾರದು. "ಮಾರ್ಕೆಟ್ಟೇ ಸರಿ ಇರಲಿಲ್ಲ" ಅನ್ನೋದು ಸೆಲಿಗ್‌ಮನ್ ಅಳತೆಯಲ್ಲಿ ಅಪ್ಪಟ ಆಶಾವಾದಿಯ ಉತ್ತರ. ಸೋಲು ಈ ಸಲದ್ದು ಮಾತ್ರ, ಕಾರಣ ಹೊರಗಿನದು. ಮನಸ್ಸಿಗೆ ಹಿತ, ನಿದ್ದೆ ಚೆನ್ನಾಗಿ ಬರುತ್ತೆ. ಆದರೆ ತಪ್ಪೆಲ್ಲ ಹೊರಗಿದ್ದರೆ ಒಳಗೆ ಕಲಿಯೋಕೆ ಏನೂ ಉಳಿಯಲ್ಲ. ನನಗೆ ಬೇಕಾದ ವಿದ್ಯಾರ್ಥಿ ಆ ಉತ್ತರದ ಮೊದಲರ್ಧ ಇಟ್ಟುಕೊಂಡು ಎರಡನೆಯದನ್ನ ಬಿಡೋನು. ಸೋಲು ಈ ಸಲದ್ದು, ಈ ಪಾಠದ್ದು, ಆದರೆ ನನ್ನ ಕೈಯಿಂದ ಆದದ್ದು, ಹಾಗಾಗಿ ನನ್ನ ಕೈಯಿಂದಲೇ ಸರಿಯಾಗಬೇಕು.

ಮಾಡಬೇಕಾದ್ದು ಇಷ್ಟು. ಉತ್ತರಪತ್ರಿಕೆ ತೆಗೆದು ಮಗನ ಜೊತೆ ಕೂತ್ಕೊಳ್ಳಿ. ಬೈಗುಳ ಬೇಡ, ಬುದ್ಧಿಮಾತೂ ಬೇಡ. ಹೋದ ಪ್ರತಿ ಅಂಕದ ಪಕ್ಕ ಅವನೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಲಿ: ಗೊತ್ತೇ ಇರಲಿಲ್ಲವಾ, ಗೊತ್ತಿದ್ದೂ ಮಧ್ಯೆ ತಪ್ಪಿತಾ, ಮುಟ್ಟಲೇ ಇಲ್ಲವಾ. ಕೂಡಿ ಇಲ್ಲಿ ಬರೀರಿ.

ಅಟ್ಟದ ಕಾಯಿ (ತಿಪಟೂರು)

ಮೇಷ್ಟ್ರೇ, ನಿನ್ನೆ ರಾತ್ರಿ ಕೂತ್ವಿ. ಮೊದಲು ಒಲ್ಲೆ ಅಂದ. "ಬೈಯಲ್ಲ, ಲೆಕ್ಕ ಹಾಕೋಣ ಅಷ್ಟೇ, ಯಾವ ಚೀಲದಲ್ಲಿ ಎಷ್ಟು ಕೆಟ್ಟ ಕೊಬ್ಬರಿ ಇದೆ ಅಂತ ನೋಡಲ್ವಾ" ಅಂದೆ. ಬಂದ.

80ರಲ್ಲಿ 30 ಅಂಕದ್ದು ಮುಟ್ಟೇ ಇಲ್ಲ. ಬರೆದ 50ರಲ್ಲಿ 21 ಬಂದಿದೆ. ಹೋದ 29ರಲ್ಲಿ 13 ಅಂಕ ಗೊತ್ತಿದ್ದೂ ಹೋಗಿದ್ದು. ಅದರಲ್ಲಿ ಸುಮಾರೆಲ್ಲ ಒಂದೇ ಥರ: ಸಮೀಕರಣದಲ್ಲಿ ಆ ಕಡೆಯಿಂದ ಈ ಕಡೆಗೆ ತರುವಾಗ ಕೂಡೋ ಕಳೆಯೋ ಚಿಹ್ನೆ ಬದಲಾಯಿಸಿಲ್ಲ, ಇಲ್ಲಾ ಭಿನ್ನರಾಶಿ ಕೂಡೋದು ತಪ್ಪು. ನಿಜವಾಗಿ ಗೊತ್ತಿಲ್ಲದ್ದು 16 ಅಂಕದ್ದು.

ಮುಟ್ಟದೇ ಬಿಟ್ಟಿದ್ದರಲ್ಲಿ ನಕ್ಷೆ ಬಿಡಿಸೋ ಪ್ರಶ್ನೆ ಇತ್ತು, ಸಂಖ್ಯಾಶಾಸ್ತ್ರದ ಸರಾಸರಿ ಇತ್ತು, ಥೇಲ್ಸ್ ಪ್ರಮೇಯ ಇತ್ತು. ಸರಾಸರಿ ಬರಲ್ವಾ ಅಂದೆ. "ಬರುತ್ತೆ, ಆದ್ರೆ ಅಷ್ಟೊತ್ತಿಗೆ ಬೇಡ ಅನ್ನಿಸಿಬಿಟ್ಟಿತ್ತು" ಅಂದ. ಇಡೀ ಪತ್ರಿಕೆಯಲ್ಲಿ ನನಗೆ ಚುಚ್ಚಿದ್ದು ಇದು. ಎರಡನೇ ಪುಟದಲ್ಲಿ ಒಂದು ಲೆಕ್ಕ ಸಿಕ್ಕಿಹಾಕ್ಕೊಂಡಿದೆ, ಅಲ್ಲಿಂದ ಮುಂದೆ ಅಕ್ಷರವೇ ಬದಲಾಗಿದೆ.

ಮಗಳ ವಿಷಯ ಯಾರೂ ಹೇಳಲಿಲ್ಲ. ಪಕ್ಕದಲ್ಲೇ ಕೂತು ಓದ್ತಿದಾಳೆ, "ನಂದೂ ಕೇಳು" ಅಂತ ಪೀಡಿಸ್ತಿದಾಳೆ.

ಓಟಿ ಸಿಸ್ಟರ್ (ಮಂಗಳೂರು)

ಅಕ್ಕ, ನಿಮ್ಮ ಮಗಳ ಜಾತಿಯವಳೇ ನಾನು. ಅವಳ ಪರವಾಗಿ ವಕಾಲತ್ತು ಹಾಕ್ಲಿಕ್ಕೆ ಬಂದೆ.

ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್. ನಮ್ಮಲ್ಲಿ "ಎಲ್ಲಾ ಸರಿ ಆಗ್ತದೆ" ಅಂತ ಯಾರಾದರೂ ಹೇಳಿದರೆ ನನಗೆ ಹೆದರಿಕೆ ಆಗುವುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಪಟ್ಟಿ ತಂದಿದೆ. ಅರಿವಳಿಕೆ ಕೊಡುವ ಮೊದಲು, ಕತ್ತಿ ಹಾಕುವ ಮೊದಲು, ರೋಗಿಯನ್ನು ಹೊರಗೆ ಕಳುಹಿಸುವ ಮೊದಲು, ಮೂರು ಸಲ ನಿಂತು ಕೇಳಬೇಕು. ಈ ರೋಗಿ ಇವರೇ ಹೌದಾ? ಅಲರ್ಜಿ ಉಂಟಾ? ರಕ್ತ ಎಷ್ಟು ಹೋಗಬಹುದು? ಹತ್ತಿ ಬಟ್ಟೆ, ಸೂಜಿ ಎಲ್ಲ ಲೆಕ್ಕ ಸಿಕ್ಕಿತಾ? ಇಡೀ ಪಟ್ಟಿಯೇ "ಏನು ಕೆಡಬಹುದು" ಎಂಬುದರ ಮೇಲೆ ನಿಂತಿದೆ. ಬಿಡ್ತು ಅನ್ನು ಅಂತ ನಮ್ಮಲ್ಲಿ ಯಾರೂ ಗದರಿಸುವುದಿಲ್ಲ ಮಾರಾಯ್ರೆ!

ನಿಮ್ಮ ಮಗಳು "ಫೇಲ್ ಆಗ್ತೇನೆ" ಅಂದ ಮೇಲೆ ಏನು ಮಾಡ್ತಾಳೆ ಅಂತ ಗಮನಿಸಿ. ನನ್ನ ಊಹೆ, ಹೋಗಿ ಓದ್ಲಿಕ್ಕೆ ಕೂತ್ಕೊಳ್ತಾಳೆ. ಯಾವ ಪಾಠ ಕೈಕೊಡಬಹುದು ಅಂತ ಹುಡುಕಿ ಅದನ್ನೇ ಎರಡು ಸಲ ಮಾಡ್ತಾಳೆ. ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ ಎಂಬ ಮನಶ್ಶಾಸ್ತ್ರಜ್ಞೆಯರು 1986ರಲ್ಲಿ ಇಂಥವರ ಬಗ್ಗೆ ಬರೆದಿದ್ದಾರೆ. ಇದು ರಕ್ಷಣೆಗಾಗಿ ಹಾಕಿಕೊಂಡ ನಿರಾಶೆ, ಆತಂಕವನ್ನು ಕೆಲಸಕ್ಕೆ ಹಚ್ಚುವ ಉಪಾಯ. ಇಂಥವರಿಗೆ "ನಿಂಗೆ ಚೆನ್ನಾಗಿಯೇ ಆಗ್ತದೆ, ಚಿಂತೆ ಬೇಡ" ಅಂತ ಧೈರ್ಯ ತುಂಬಿದರೆ ಅವರ ಕೆಲಸ ಇನ್ನೂ ಕೆಡ್ತದೆ ಅಂತ ಅವರ ಪ್ರಯೋಗದಲ್ಲಿ ಕಂಡಿತು. ಆಮೇಲೆ 1996ರಲ್ಲಿ ನೋರೆಮ್ ಬಾಣದಂಥ ಡಾರ್ಟ್ ಎಸೆಯುವ ಆಟದಲ್ಲಿಯೂ ನೋಡಿದರು. ಮನಸ್ಸು ಹಗುರ ಮಾಡುವ ದೃಶ್ಯ ಕಲ್ಪಿಸಿಕೊಂಡಾಗ ಇಂಥವರ ಗುರಿ ತಪ್ಪಿತು, ಎಲ್ಲಿ ತಪ್ಪಬಹುದು, ತಪ್ಪಿದರೆ ಹೇಗೆ ಸರಿಮಾಡುವುದು ಅಂತ ಕಲ್ಪಿಸಿಕೊಂಡಾಗ ಸರಿಯಾಗಿ ಬಿತ್ತು. ಆದ್ದರಿಂದ ಅವಳನ್ನು ಅವಳ ಪಾಡಿಗೆ ಗೋಳಾಡ್ಲಿಕ್ಕೆ ಬಿಡಿ. ನಿದ್ದೆ, ಊಟ ತಪ್ಪುವಷ್ಟು ಆದರೆ ಮಾತ್ರ ಅದು ಬೇರೆ ವಿಷಯ, ಆಗ ವೈದ್ಯರಿಗೆ ತೋರಿಸಬೇಕು.

ಮಗ ಹೇಳುವುದು ಅದೇ ಮಾತಲ್ಲ. ಅವಳದ್ದು "ಹೀಗೆ ಆಗಬಹುದು" ಎಂಬ ಹೆದರಿಕೆ. ಅವನದ್ದು "ಆಗಿಹೋಯ್ತು" ಎಂಬ ತೀರ್ಪು. ಮೊದಲನೆಯದು ಪುಸ್ತಕ ತೆರೆಸ್ತದೆ, ಎರಡನೆಯದು ಮುಚ್ಚಿಸ್ತದೆ.

ಮೇಲೆ "ಗೆಲುವು ನಿಮ್ಮದೇ" ಅವರು ಹೇಳಿದ ಕನ್ನಡಿ ಉಪಾಯದ ಬಗ್ಗೆಯೂ ಒಂದು ಮಾತು. ಗೇಬ್ರಿಯೆಲ್ ಓಟಿಂಗೆನ್ ಎಂಬ ಜರ್ಮನ್ ಸಂಶೋಧಕಿ ನಿರೀಕ್ಷೆ ಬೇರೆ, ಹಗಲುಗನಸು ಬೇರೆ ಅಂತ ಎರಡನ್ನು ಬಿಡಿಸಿ ನೋಡಿದರು. ಡೋರಿಸ್ ಮೇಯರ್ ಜೊತೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಹುಡುಕುವ ಪದವೀಧರರಲ್ಲಿ ಒಳ್ಳೆಯ ಕೆಲಸ ಸಿಕ್ಕಿದ ಹಾಗೆ ಹೆಚ್ಚು ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಎರಡು ವರ್ಷದ ನಂತರ ಅವರ ಸಂಬಳವೂ ಕಡಿಮೆಯೇ ಇತ್ತು. ಅದೇ, "ನನಗೆ ಸಿಗುವ ಸಾಧ್ಯತೆ ಉಂಟು" ಅಂತ ಅನುಭವದಿಂದ ನಿರೀಕ್ಷೆ ಇಟ್ಟವರಿಗೆ ಹೆಚ್ಚು ಸಿಕ್ಕಿತು. ಕನಸಿನಲ್ಲಿಯೇ ಊಟ ಆದರೆ ಎದ್ದು ಅಡುಗೆ ಮಾಡುವವರು ಯಾರು? ಬೇಕಾದ್ದನ್ನು ನೆನೆಸಿ, ಕೂಡಲೇ ಅಡ್ಡ ಬರುವುದು ಏನು ಅಂತಲೂ ನೆನೆಸಬೇಕು ಅಂತ ಅವರು ಹೇಳುವುದು. ನಿಮ್ಮ ಮಗನಿಗೆ ಅಡ್ಡ ಬರುವುದು ಈಗ ಗೊತ್ತಾಗಿದೆಯಲ್ಲ, ಎರಡನೇ ಪುಟದ ಆ ಲೆಕ್ಕ. "ಒಂದು ಲೆಕ್ಕ ಸಿಕ್ಕಿಹಾಕಿಕೊಂಡರೆ ಜಾಗ ಬಿಟ್ಟು ಸರಾಸರಿಗೆ ಹೋಗ್ತೇನೆ" ಅಂತ ಈಗಲೇ ತೀರ್ಮಾನ ಮಾಡಿ ಬರೆದಿಟ್ಟುಕೊಳ್ಳಲಿ. ಹಾಲ್‌ನಲ್ಲಿ ಕೂತು ಯೋಚಿಸ್ಲಿಕ್ಕೆ ಹೋದರೆ ಆಗ ತಲೆ ಓಡುವುದಿಲ್ಲ.

ವೈಂಡಿಂಗ್ ಮಾಸ್ತರ (ಧಾರವಾಡ)

ಅಕ್ಕಾರ, ಎಲ್ಲಾರೂ ಹುಡುಗನ ಮನಸ್ಸು ಬಿಚ್ಚಿ ನೋಡಾಕತ್ತೀರಿ. ನಾ ಒಂದ ಸಾದಾ ಪ್ರಶ್ನೆ ಕೇಳ್ತೇನಿ. ಎಂಟನೇತ್ತಾ ಒಂಬತ್ತನೇತ್ತಾದಾಗ ಅವನ ಸಾಲಿಯೊಳಗ ಗಣಿತದ ಮಾಸ್ತರು ವರ್ಷಪೂರ್ತಿ ಇದ್ರೇನ್ರಿ? ಇರಲಿಲ್ಲಂದ್ರ ಅದು ಹುಡುಗನ ನಿರಾಶಾವಾದ ಅಲ್ಲ, ಅಂವಾ ಇದ್ದದ್ದ ಹೇಳ್ಯಾನ. ಕಲಿಸದ ಪಾಠ ಯಾರ ತಲೀಗೂ ಹತ್ತಂಗಿಲ್ಲ.

ನಾ ಐಟಿಐದಾಗ ಮೋಟಾರ್ ವೈಂಡಿಂಗ್, ಅಂದ್ರ ಮೋಟಾರಿಗೆ ತಂತಿ ಸುತ್ತೂದು, ಕಲಿಸಾಂವ. ನಮ್ಮ ಕಡೆ ಬರೂ ಹುಡುಗ್ರ ಪೈಕಿ ಭಾಳ ಮಂದಿ "ಸರ್, ನಂಗ ಗಣಿತ ಬರಂಗಿಲ್ರಿ" ಅಂತನ ಒಳಗ ಬರ್ತಾರ. ನಾ ಗಣಿತ ಅಂತ ಹೆಸರ ತಗಿಯಂಗಿಲ್ಲ. ತಂತಿ ಕೂಡಸೂ 36 ಸ್ಲಾಟ್ ಅದಾವ, 4 ಪೋಲ್ ಮೋಟಾರ್, ಒಂದ ಪೋಲಿಗೆ ಎಷ್ಟ ಸ್ಲಾಟ್? ಒಂಬತ್ತ ಅಂತಾರ. ಮೂರ ಫೇಸ್, ಒಂದ ಫೇಸಿಗೆ? ಮೂರ. ಸುತ್ತಿದ ಮ್ಯಾಲೆ ಮೆಗ್ಗರ್ ಅನ್ನೂ ಮೀಟರ್ ಹಚ್ಚತೀವಿ. ಇನ್ಸುಲೇಷನ್ ಹೋಗಿದ್ರ ಅದರಾಗ ಗೊತ್ತಾಗ್ತೈತಿ, ಆಮ್ಯಾಲೆ ಯಾವ ಕಾಯಿಲ್ ಅಂತ ಹುಡುಕ್ಕೋತ ಹೋಗೂದು. ಅಲ್ಲಿ "ನನ್ನ ತಲೀನ ಇಷ್ಟ" ಅನ್ನಾಕ ಜಾಗಾನ ಇರಂಗಿಲ್ಲ, ಮೀಟರ್ ಮುಲಾಜಿಲ್ದ ಹೇಳ್ತೈತಿ. ಆರ ತಿಂಗಳಾಗೂದ್ರಾಗ ಹುಡುಗ್ರ ನಡಿಗೀನ ಬ್ಯಾರೆ ಆಗಿರ್ತೈತಿ. ಭಾಷಣ ಯಾರೂ ಮಾಡಿರಂಗಿಲ್ಲ.

ಇನ್ನ ಮೇಷ್ಟ್ರು ಹೇಳಿದ ಡ್ವೆಕ್ ಬಾಯಾರ ವಿಚಾರ. ಬುದ್ಧಿ ಬೆಳಿತೈತಿ ಅಂತ ಮಕ್ಕಳಿಗೆ ತಿಳಿಸಿಕೊಟ್ರ ಏನಾಗ್ತೈತಿ ಅಂತ ಅಮೆರಿಕಾದಾಗ ಸುಮಾರು 12,000 ಒಂಬತ್ತನೇತ್ತಾ ಹುಡುಗ್ರ ಮ್ಯಾಲೆ ದೊಡ್ಡ ಅಧ್ಯಯನ ಆತು, 2019ರಾಗ ನೇಚರ್ ಅನ್ನೂ ವಿಜ್ಞಾನ ಪತ್ರಿಕೆಯೊಳಗ ಬಂತು. ಆನ್‌ಲೈನ್ ಪಾಠ, ಒಟ್ಟ ಒಂದ ತಾಸೂ ಇಲ್ಲ. ಹಿಂದ ಬಿದ್ದ ಹುಡುಗ್ರ ಸರಾಸರಿ ಗ್ರೇಡ್ 4ರ ಅಳತಿಯೊಳಗ ಸುಮಾರು 0.1 ಏರಿತು. ಅಷ್ಟ. ಅದೂ ಕಷ್ಟದ ಲೆಕ್ಕ ಹಿಡದ್ರ ಓರಗೀಯವ್ರು ನಗಲಾರದ ಸಾಲಿಯೊಳಗ ಜಾಸ್ತಿ ಉಪಯೋಗ ಆತು. ಒಂದ ತಾಸಿನ ಖರ್ಚಿಗೆ ಅದು ಕಡಿಮಿ ಏನಲ್ಲ ಅಂತ ಒಪ್ಪಗೋತೀನಿ. ಆದ್ರ ಮನಸ್ಸ ತಿರುವಿದ್ರ ಎಲ್ಲಾ ತಿರುಗತೈತಿ ಅಂತ ಸಾಲಿ ಸಾಲಿಗೆ ಹೋಗಿ ಮೈಕ್ ಹಿಡ್ಯಾವ್ರಿಗೆ ಈ 0.1 ತೋರಿಸಬೇಕ್ರಿ.

ಮತ್ತ ಹುಡುಗನಿಗೆ ಇದನ್ನೂ ಹೇಳ್ರಿ: 2023-24ರಿಂದ ಎಸ್ಸೆಸ್ಸೆಲ್ಸಿ ಒಳಗ ಪರೀಕ್ಷೆ-1 ಆದ ಮ್ಯಾಲೆ ಅದ ವರ್ಷ ಮತ್ತ ಬರಿಯಾಕ ಅವಕಾಶ ಐತಿ. ಒಂದ ಸಲದಾಗ ಹೋತಂದ್ರ ಬಾಳೇವು ಹೋತು ಅನ್ನೂ ಕಾಲ ಈಗಿಲ್ಲ.

ಚಾಕ್‌ಪೀಸ್ ಮೇಷ್ಟ್ರು (ಸಾಗರ)

ಮಾಸ್ತರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ, ಒಂದು ಕಡೆ ಬಿಟ್ಟು. ಶಾಲೆಯಲ್ಲಿ ಕಲಿಸಿರಲಿಲ್ಲ ಅನ್ನೋದು ನಿಜವೇ ಆಗಿದ್ದರೂ, ಹುಡುಗ ಅದನ್ನ ಹಾಗೆ ಓದಿಕೊಂಡಿಲ್ಲವಲ್ಲ. "ನನಗೆ ಕಲಿಸಿಲ್ಲ" ಅಂದಿದ್ದರೆ ಕಲಿಸಿ ಅಂತ ಕೇಳೋನು. "ನನ್ನ ತಲೆನೇ ಇಷ್ಟು" ಅಂದುಕೊಂಡದ್ದರಿಂದ ಕೇಳಲೂ ಇಲ್ಲ. ವ್ಯವಸ್ಥೆಯ ತಪ್ಪನ್ನ ಮಗು ತನ್ನ ತಲೆಯ ಮೇಲೆ ಹಾಕಿಕೊಂಡರೆ, ಆ ಭಾರ ಇಳಿಸೋದೂ ಮೇಷ್ಟ್ರ ಕೆಲಸವೇ. ನಿಮ್ಮ ಮೆಗ್ಗರ್ ಮಾಡೋದೂ ಅದನ್ನೇ ಅಲ್ಲವಾ?

ಅಟ್ಟದ ಕಾಯಿ (ತಿಪಟೂರು)

ಮಾಸ್ತರೇ, ನೀವು ಕೇಳಿದ್ದು ಸರಿಯಾಗಿದೆ. ಎಂಟನೇ ಕ್ಲಾಸಲ್ಲಿ ಗಣಿತದವರು ವರ್ಗ ಆಗಿ ಹೋದ್ರು, ಅತಿಥಿ ಶಿಕ್ಷಕರು ಬರೋ ಹೊತ್ತಿಗೆ ದಸರಾ ಕಳೆದಿತ್ತು. ಇದನ್ನ ಮಗನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ಜೊತೆಯವರಿಗೆಲ್ಲ ಹೆಂಗೆ ಬರುತ್ತೆ?" ಅಂದ. ಅವರು ಟ್ಯೂಷನ್‌ಗೆ ಹೋಗಿದ್ರು ಅಂತ ಅಕ್ಕನೇ ಉತ್ತರ ಕೊಟ್ಲು. ನಂಬಿದನೋ ಇಲ್ವೋ ಗೊತ್ತಿಲ್ಲ.

ಸಿಸ್ಟರ್, ಮಗಳು ನಿಮ್ಮ ಉತ್ತರ ಅಜ್ಜಿಗೆ ಓದಿ ಹೇಳಿದಾಳೆ. ಅವರು ಒಪ್ಪಿಲ್ಲ. ಆಪರೇಷನ್‌ಗೆ ಮುಂಚೆ ಕೆಟ್ಟ ಮಾತಾಡೋ ಆಸ್ಪತ್ರೆಗೆ ನಾನು ಹೋಗಲ್ಲ ಅಂದ್ರು! ಯಜಮಾನ್ರೂ ಓದಿದ್ರು. ಕೊಬ್ಬರಿ ವಿಷಯ ಯಾಕೆ ಊರಿಗೆಲ್ಲ ಹೇಳಿದೆ ಅಂತ ಒಂದು ಗಳಿಗೆ ಮುಖ ಊದಿಸಿಕೊಂಡಿದ್ರು.

ಮೇಷ್ಟ್ರೇ, ಕೊನೇ ಪ್ರಶ್ನೆ. ಚಿಹ್ನೆ, ಭಿನ್ನರಾಶಿ ಎಲ್ಲ ಏಳು, ಎಂಟನೇ ಕ್ಲಾಸಿಂದು. ಆ ಪುಸ್ತಕ ತಂದು ಕೈಗೆ ಕೊಟ್ರೆ ಅವಮಾನ ಅಂತ ಮೂಲೆಗೆ ಎಸೀತಾನೆ. ಏನು ಮಾಡಲಿ?

ಚಾಕ್‌ಪೀಸ್ ಮೇಷ್ಟ್ರು (ಸಾಗರ)

ಪುಸ್ತಕ ಕೊಡಬೇಡಿ. ಅವನದೇ ಉತ್ತರಪತ್ರಿಕೆಯಿಂದ ಆ 13 ಅಂಕದ ಲೆಕ್ಕಗಳನ್ನ ಹಾಗೇ, ತಪ್ಪಿನ ಸಮೇತ, ಬಿಳಿ ಹಾಳೆಗೆ ಇಳಿಸಿ. ಯಾವ ಸಾಲಿನಲ್ಲಿ ತಪ್ಪಿದೆ ಅಂತ ಮಾತ್ರ ಅವನು ಹುಡುಕಲಿ, ಪೂರ್ತಿ ಬಿಡಿಸೋದು ಬೇಡ. ಸಾಲು ಸಿಕ್ಕಿದ ಮೇಲೆ, ಇಲ್ಲಿ ಏನಾಯ್ತು ಅಂತ ಅವನು ಅಕ್ಕನಿಗೆ ವಿವರಿಸಲಿ. ಅವಳಿಗೆ ಅರ್ಥ ಆಗದ ಹಾಗೆ ನಟಿಸೋಕೆ ಹೇಳಿ. ದಿನಕ್ಕೆ ಎರಡು ಲೆಕ್ಕ ಸಾಕು, ಮೂರನೆಯದು ಕೇಳಿದರೂ ಕೊಡಬೇಡಿ. ಭಿನ್ನರಾಶಿಗೆ ಯಜಮಾನರನ್ನ ಹಚ್ಚಿ. ಮುಕ್ಕಾಲು ಕ್ವಿಂಟಾಲಿಗೆ ಒಂದು ರೇಟು, ಉಳಿದ ಕಾಲಿಗೆ ಇನ್ನೊಂದು, ಸರಾಸರಿ ಎಷ್ಟು ಬಿತ್ತು ಅಂತ ಮಂಡಿಯಲ್ಲಿ ಮಾಡೋದನ್ನೇ ಹಾಳೆ ಮೇಲೆ ಬರೆಸಲಿ. ನಕ್ಷೆ ಮತ್ತು ಥೇಲ್ಸ್ ಪ್ರಮೇಯ ಆಮೇಲೆ ನೋಡೋಣ. ಮುಂದಿನ ಪೂರ್ವಸಿದ್ಧತಾ ಪರೀಕ್ಷೆ ಆದ ಮೇಲೆ ಮುಟ್ಟದೇ ಬಿಟ್ಟದ್ದು ಎಷ್ಟು ಅಂಕದ್ದು ಅಂತ ಮಾತ್ರ ಇಲ್ಲಿ ಬರೀರಿ, ಬಂದ ಅಂಕ ಹೇಳಬೇಡಿ.